ಖಾಲಿ ಕೋಣೆಗೆ ಬಂದವಳು

ಅವನಿಗೆ ತಾಳ್ಮೆ ಇರಲಿಲ್ಲ. ಕಣ್ಣಿತ್ತು, ಆ ಕಣ್ಣೇ ಅವನಿಗೆ ಅನ್ನ ಹಾಕುತ್ತಿತ್ತು. ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಬೆಲ್ಟಿನ ಮೇಲೆ ಹರಿದು ಬರುವ ಮಾತ್ರೆ ಪಟ್ಟಿಗಳಲ್ಲಿ ಯಾವ ಗುಳಿಯಲ್ಲಿ ಮಾತ್ರೆ ಬಿದ್ದಿಲ್ಲ ಎಂದು ಗುರುತಿಸಿ, ಅಂಥ ಪಟ್ಟಿಯನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕುವುದು ಅವನ ಕೆಲಸ. ಇಡೀ ದಿನ ಇಲ್ಲದ್ದನ್ನು ಹುಡುಕಿ ಹುಡುಕಿ ಸಂಜೆಯ ಹೊತ್ತಿಗೆ ಇರುವುದನ್ನು ನೋಡುವ ಆಸೆಯೇ ಸತ್ತಿರುತ್ತಿತ್ತು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. ಕೋಣೆಗೆ ಬಂದರೆ ದೀಪ ಹಾಕದೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದ. ಅಂಥವನ ತಲೆಗೆ, ದೃಷ್ಟಿ ಹೋದ ಭಾವನ ಪಕ್ಕದಲ್ಲಿ ಕೂತು ಪರದೆಯ ಮೇಲೆ ನಡೆಯುವುದನ್ನೆಲ್ಲ ಕಿವಿಯಲ್ಲಿ ಹೇಳುವ ಕೆಲಸ ಕಟ್ಟಿದವಳು ಅಕ್ಕ. ಕಟ್ಟಿದಳು ಎನ್ನುವುದು ಅವನೇ ಮನಸ್ಸಿನಲ್ಲಿ ಮಾಡಿಕೊಂಡ ಆರೋಪ. ನಿಜವಾಗಿ ಅಕ್ಕ ಒಂದು ಸಲ ಕೇಳಿದ್ದಳು ಅಷ್ಟೆ, ಇವನು ಹೂಂ ಅಂದಿದ್ದ.

ಆ ಶನಿವಾರ ಟೀ ಬಿಡುವಿನಲ್ಲಿ ಅಕ್ಕನ ಫೋನು ಬಂತು.

“ಏನೋ, ಅದೇನೋ ಹಚ್ಚಿಬಿಟ್ಟಿದೀಯ ನಿಮ್ಮ ಭಾವಂಗೆ? ಎದ್ದಾಗಿಂದ ಕಿವೀಲಿ ಸಿಗಿಸ್ಕೊಂಡು ಕೂತಿದಾರೆ. ಟೀ ಆರೋಯ್ತು ಅಂದ್ರೆ ನಂಗೇ ಶ್ ಅಂತಾರೆ.”

“ಯಾವುದಕ್ಕಾ?”

“ಅದೇ, ಇಬ್ಬರು ಕೂತ್ಕೊಂಡು ಸಿನಿಮಾ ಬಗ್ಗೆ ಮಾತಾಡ್ತಾರಂತಲ್ಲ, ಪಾಡ್‌ಕಾಸ್ಟು. ನೀನೇ ಎಲ್ಲರಿಗೂ ಕೇಳಿ ಕೇಳಿ ಅಂತ ಬಾಯಿ ಬಡ್ಕೊಂಡಿದ್ದಂತೆ. ಈಗ ಆ ಬಡಗಿ ಸಿನಿಮಾದ್ದು ಬಂದಿದೆಯಂತೆ. ಸಂಜೆ ಮೀಟಿಂಗಲ್ಲಿ ಮಾತಾಡ್ಬೇಕು ಅಂತ ಅಂಗಿ ಬೇರೆ ಇಸ್ತ್ರಿ ಮಾಡಿಸಿದಾರೆ. ಬೇಗ ಬಂದು ಕರ್ಕೊಂಡು ಹೋಗು, ತಡ ಮಾಡ್ಬೇಡ.”

ಅವನು ಹೂಂ ಅಂದ. ಕೈಯಲ್ಲಿದ್ದ ಕಾಗದದ ಲೋಟದ ಅಂಚನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಮೆತ್ತಗೆ ಮಾಡಿದ್ದ. ಅದು ಗೊತ್ತಾದದ್ದು ಟೀ ಅಂಗಿಯ ಮೇಲೆ ಇಳಿದಾಗ. ಬಡಗಿ ಸಿನಿಮಾ. ಆ ಇಬ್ಬರು ಇಷ್ಟು ಬೇಗ ಅದಕ್ಕೆ ಕೈ ಹಾಕುತ್ತಾರೆ ಎಂದು ಅವನು ಎಣಿಸಿರಲಿಲ್ಲ. ಎಣಿಸಿರಲಿಲ್ಲ ಎನ್ನುವುದೂ ಸರಿಯಲ್ಲ. ಅವನು ಯೋಚನೆಯನ್ನೇ ಮಾಡಿರಲಿಲ್ಲ. ಅವತ್ತು ಗುಂಪಿನಲ್ಲಿ ಆ ಪಾಡ್‌ಕಾಸ್ಟಿನ ಹೆಸರು ಹೇಳುವಾಗ ಅವನ ತಲೆಯಲ್ಲಿ ಇದ್ದದ್ದು ಒಂದೇ, ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಎನ್ನುವುದು.

ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ವಾರಕ್ಕೊಮ್ಮೆ ಸೇರುವ ಗುಂಪು ಅದು. ಹಳೆಯ ಥಿಯೇಟರಿನ ಚಿಕ್ಕ ಹಾಲಿನಲ್ಲಿ ಬರುವ, ಜನ ನುಗ್ಗದ ಸಿನಿಮಾಗಳನ್ನು ನೋಡಿ ಬಂದು ಗಂಟೆಗಟ್ಟಲೆ ಮಾತಾಡುವವರು. ಕೋಣೆ ವಕೀಲರದು, ಆದ್ದರಿಂದ ಮೊದಲ ಮಾತೂ ಅವರದೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಗಸನ್ನು ಎಲ್ಲರೂ ಲ್ಯಾಬ್ ಮೇಡಂ ಎನ್ನುತ್ತಿದ್ದರು. ಮತ್ತೆ ನಾಲ್ಕೈದು ಜನ, ಬಂದರೆ ಬಂದರು. ಭಾವನಿಗೆ ಅಲ್ಲಿ ತನ್ನದೇ ಕುರ್ಚಿ. ಅವರು ಮೊದಲು ಕಟ್ಟಡಗಳ ನಕ್ಷೆ ಬರೆಯುತ್ತಿದ್ದವರು. ಕಣ್ಣು ಹೋದ ಮೇಲೂ ಯಾವ ಸಿನಿಮಾದ ಯಾವ ಮನೆಯ ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತದೆ ಎಂದು ಹೇಳುತ್ತಿದ್ದರು. ಅವರು ಬಾಯಿ ತೆರೆದರೆ ವಕೀಲರೂ ಸುಮ್ಮನಾಗುತ್ತಿದ್ದರು. ಇವನನ್ನು ವಕೀಲರು ಕರೆಯುತ್ತಿದ್ದದ್ದು ‘ಕನ್ನಡಕ’ ಎಂದು. “ಬನ್ನಿ ಸರ್, ಕನ್ನಡಕ ಮರೀದೆ ತಂದಿದೀರಲ್ಲ?” ಎಲ್ಲರೂ ನಗುತ್ತಿದ್ದರು, ಇವನೂ ನಗುತ್ತಿದ್ದ. ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಸಲವೂ ಯಾರೂ ಅವನನ್ನು, ನಿಮಗೇನನಿಸಿತು ಎಂದು ಕೇಳಿರಲಿಲ್ಲ. ಕನ್ನಡಕಕ್ಕೆ ಏನನಿಸುತ್ತದೆ ಎಂದು ಯಾರು ಕೇಳುತ್ತಾರೆ.

ಹಾಗಾಗಿ ಕಳೆದ ಸಲ, ಅವನು ಬಾಯಿ ತೆರೆದು, ಒಂದು ಪಾಡ್‌ಕಾಸ್ಟ್ ಇದೆ, ನೀವೆಲ್ಲ ಕೇಳಲೇಬೇಕು ಅಂದಾಗ ಕೋಣೆ ಸ್ವಲ್ಪ ಆಶ್ಚರ್ಯದಿಂದಲೇ ಸುಮ್ಮನಾಯಿತು. ಅವನು ಚೆನ್ನಾಗಿಯೇ ಹೇಳಿದ. ಇಬ್ಬರು ಮಾತಾಡುತ್ತಾರೆ, ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸಿನದು ನಿದ್ದೆಯಿಂದ ಎದ್ದು ಬಂದಂಥ ದನಿ, ಅವಳು ನಗುನಗುತ್ತಲೇ ಕತ್ತರಿ ಹಾಕುವವಳು. ಬೇರೆ ವಿಮರ್ಶಕರ ಹಾಗೆ ಮೊದಲ ಮಾತಿಗೇ ತೀರ್ಪು ಕೊಡುವುದಿಲ್ಲ. ಅವರದೊಂದು ಕಟ್ಟುಪಾಡು: ಮೊದಲ ಅರ್ಧ ಗಂಟೆ ಕಂಡದ್ದನ್ನು ಮಾತ್ರ ಹೇಳಬೇಕು, ಅನಿಸಿದ್ದನ್ನು ಆಮೇಲೆ. ಯಾರು ಎಲ್ಲಿ ನಿಂತಿದ್ದರು, ಬೆಳಕು ಎತ್ತಣಿಂದ ಬಂತು, ಯಾರು ಯಾರ ಕಡೆ ನೋಡಲಿಲ್ಲ. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ಅಲ್ಲೇ ಹಿಡಿಯುತ್ತಾರೆ. “ಕೇಳಿದ್ರೆ ಸಿನಿಮಾ ಇನ್ನೊಂದ್ಸಲ ನೋಡಿದ ಹಾಗೇ ಆಗುತ್ತೆ” ಅಂದ. ಹೇಳುತ್ತಾ ಹೇಳುತ್ತಾ ಅವನಿಗೆ ತನ್ನ ದನಿಯೇ ಹಿಡಿಸಿತು. ಲಿಂಕನ್ನು ಗ್ರೂಪಿಗೆ ಹಾಕಿದ. ವಾರದೊಳಗೆ ಲ್ಯಾಬ್ ಮೇಡಂ ಬರೆದಿದ್ದರು: ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ. ಆ ಒಂದು ಸಾಲನ್ನು ಅವನು ಬೆಲ್ಟಿನ ಮುಂದೆ ನಿಂತು ಎಷ್ಟು ಸಲ ನೆನೆಸಿಕೊಂಡನೋ. ಆ ಹೊತ್ತಿನಲ್ಲೇ ಒಂದು ಖಾಲಿ ಗುಳಿಯ ಪಟ್ಟಿ ಅವನ ಕಣ್ಣೆದುರೇ ದಾಟಿಹೋಗಿ, ಮೇಲ್ವಿಚಾರಕಿ ಅದನ್ನು ಎಲ್ಲರ ಮುಂದೆ ಎರಡು ಬೆರಳಲ್ಲಿ ಹಿಡಿದು ತೋರಿಸಿ, “ಇದು ಯಾರ ಮನೆಗೆ ಹೋಗ್ಬೇಕಿತ್ತು ಹೇಳಿ? ನಿಮ್ಮ ಮನೆಗೆ ಕಳಿಸ್ಲಾ?” ಎಂದು ಕೇಳಿದ್ದಳು.

ಈಗ ಬೆಲ್ಟು ಮತ್ತೆ ಓಡತೊಡಗಿತು. ಅವನು ನಿಂತ. ಹತ್ತು ಹತ್ತು ಬಿಳಿ ಉಬ್ಬುಗಳು ಬಂದವು, ಹೋದವು. ಬಡಗಿ ಸಿನಿಮಾದ ಕೊನೆ ಹಾಗೇ ಇತ್ತು, ಏನೂ ಇಲ್ಲದ್ದು. ಮುದುಕ ಬಡಗಿ, ಜಗಳಾಡಿ ಮನೆ ಬಿಟ್ಟು ಹೋದ ಮಗಳು. ಎರಡು ಗಂಟೆ ಅವನು ಮರ ಹೆರೆಯುತ್ತಾನೆ, ಕಾಯುತ್ತಾನೆ, ಕೊನೆಗೆ ಸಾಮಾನು ಎತ್ತಿಟ್ಟು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾನೆ. ಆಮೇಲೆ ಕ್ಯಾಮೆರಾ ಆ ಖಾಲಿ ಕೋಣೆಯನ್ನೇ ನೋಡುತ್ತಾ ನಿಂತುಬಿಡುತ್ತದೆ. ಅವತ್ತು ಥಿಯೇಟರಿನ ಹಿಂದಿನ ಸಾಲಿನ ಮೂಲೆಯಲ್ಲಿ, ಮುಂದಿನವರಿಗೆ ಕೇಳಿಸದ ಹಾಗೆ ಭಾವನ ಕಿವಿಯ ಹತ್ತಿರ ಬಾಯಿಟ್ಟು ಎರಡು ಗಂಟೆಯಿಂದ ಪಿಸುಗುಟ್ಟಿ ಅವನ ಗಂಟಲು ಒಣಗಿತ್ತು. ಪರದೆಯ ಕೆಳಗಿನ ಅಕ್ಷರಗಳನ್ನು ಓದಬೇಕು, ಅರ್ಥ ಹೇಳಬೇಕು, ಮುಖಗಳನ್ನು ಹೇಳಬೇಕು. ಅದರ ಮೇಲೆ ಭಾವನ ಪ್ರಶ್ನೆಗಳು. ಕಿಟಕಿ ಎಡಕ್ಕೋ ಬಲಕ್ಕೋ, ಮೇಜು ಗೋಡೆಗೆ ಹತ್ತಿದೆಯೋ ಇಲ್ಲವೋ. ನಕ್ಷೆ ಬರೆದ ಕೈ, ಕತ್ತಲಲ್ಲೂ ಗೆರೆ ಎಳೆಯದೆ ಬಿಡದು. “ಈಗ?” ಅಂದರು ಭಾವ. “ಖಾಲಿ ಕೋಣೆ, ಭಾವ” ಅಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ “ಈಗ?” ಮತ್ತೆ “ಈಗ?” ಎದುರಿನ ಸಾಲಿನ ಒಬ್ಬ ತಿರುಗಿ ನೋಡಿದ. ಅವನಿಗೆ ರೇಗಿತು. ಖಾಲಿ ಖಾಲಿ ಎಂದು ಎಷ್ಟು ಸಲ ಹೇಳುವುದು. “ಬಾಗಿಲು ತೆರೀತು” ಅಂದ. ಭಾವನ ಕೈ ಅವನ ಮೊಣಕೈಯನ್ನು ಹಿಡಿಯಿತು. “ಮಗಳು ಬಂದ್ಲು. ಕೋಟು ಬಿಚ್ಚಿಲ್ಲ. ಸ್ಟೂಲ್ ಮೇಲೆ ಕೂತಳು. ಒಂದು ಶೂ ಬಿಚ್ಚಿದಳು, ಇನ್ನೊಂದು ಬಿಚ್ಚಲಿಲ್ಲ. ಹಾಗೇ ಕೂತಿದಾಳೆ.” ದೀಪ ಬಂದಾಗ ಅವರ ಕೆನ್ನೆ ಒದ್ದೆಯಾಗಿತ್ತು.

ಹಾಗೆ ಇಲ್ಲದ್ದನ್ನು ಹೆಣೆದು ಹೇಳಿದ್ದು ಅದೇ ಮೊದಲನೆಯದೇನಲ್ಲ. ಮೊದಲನೆಯದು ತೂಕಡಿಕೆಯಿಂದ ಆದದ್ದು. ಒಂದು ಚಳಿಗಾಲದ ಸಿನಿಮಾದಲ್ಲಿ ಕಣ್ಣು ಮುಚ್ಚಿಹೋಗಿ, ಎಚ್ಚರವಾದಾಗ ತಪ್ಪಿಹೋದದ್ದನ್ನು ಮುಚ್ಚಲು ಏನೋ ಒಂದು ಹೇಳಿದ್ದ. ಭಾವ ಅದನ್ನು ಗುಂಪಿನಲ್ಲಿ ಎತ್ತಿ ಆಡಿ ಹೊಗಳಿದಾಗ ಬೆವತುಹೋಗಿದ್ದ. ಯಾರೂ ತಿದ್ದಲಿಲ್ಲ. ಅರ್ಧ ಜನರಿಗೆ ನೆನಪಿರಲಿಲ್ಲ, ಉಳಿದವರಿಗೆ ಕಣ್ಣು ಕಾಣದವರನ್ನು ತಿದ್ದುವ ಮನಸ್ಸು ಬರಲಿಲ್ಲ. ಲ್ಯಾಬ್ ಮೇಡಂ ಮಾತ್ರ ಒಮ್ಮೆ ಅವನ ಕಡೆ ನೋಡಿ, ಆಮೇಲೆ ತಮ್ಮ ಉಗುರು ನೋಡಿಕೊಂಡರು. ಎರಡನೆಯದೂ ಮೂರನೆಯದೂ ತೂಕಡಿಕೆಯಿಂದ ಆದವಲ್ಲ. ಭಾವ ಗುಂಪಿನಲ್ಲಿ ಬಾಯಿ ತುಂಬ ವರ್ಣಿಸುವುದು ತಾನು ಹೆಣೆದ ತುಣುಕುಗಳನ್ನೇ ಎನ್ನುವುದನ್ನು ಅವನು ಗಮನಿಸಿದ್ದ. ದೊಡ್ಡ ದೊಡ್ಡ ನಿರ್ದೇಶಕರ ಕೆಲಸದ ನಡುವೆ ತನ್ನದೊಂದು ಹೊಲಿಗೆ ಹಾಕಿ, ಅದನ್ನು ಯಾರೂ ಗುರುತು ಹಿಡಿಯದೆ, ಎಲ್ಲರೂ ಆಹಾ ಎನ್ನುವುದು. ಮೂಲೆಯ ಕುರ್ಚಿಯಲ್ಲಿ ಕೂತು ಅವನು ಆಗ ಮುಖ ಕೆಳಗೆ ಹಾಕಿಕೊಳ್ಳುತ್ತಿದ್ದ. ನಾಚಿಕೆಯೋ ಸೊಕ್ಕೋ ಅವನಿಗೇ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೇಳಿ, ಮೆಟ್ಟಿಲ ಕೆಳಗೆ ನಿಂತು ಇಯರ್‌ಫೋನನ್ನು ಕಿವಿಗೆ ಸಿಗಿಸಿಕೊಂಡು, ಎಳೆದೆಳೆದು ಕೇಳಿದ. ಆ ಇಬ್ಬರು ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಆ ಕೊನೆಯ ಕೋಣೆಗೇ ಕೊಟ್ಟಿದ್ದರು. ಹೆಂಗಸು ಹೇಳುತ್ತಿದ್ದಳು: ಇಲ್ಲಿ ಯಾರೂ ಬರುವುದಿಲ್ಲ. ಬರುತ್ತಾರೆ ಅಂತ ನಾವು ಬಾಗಿಲನ್ನೇ ನೋಡುತ್ತಿರುತ್ತೇವೆ, ಬರುವುದಿಲ್ಲ. ಅನಿಸಿದ್ದನ್ನು ಹೇಳುವ ಸರದಿ ಬಂದಾಗ, ಅದೇ ಈ ಸಿನಿಮಾದ ಎದೆಗಾರಿಕೆ ಅಂದಳು. ಅವನು ಇಯರ್‌ಫೋನು ಕಿತ್ತು ಜೇಬಿಗೆ ಹಾಕಿ ಭಾವನಿಗೆ ಫೋನು ಮಾಡಿದ.

“ಭಾವ, ಇವತ್ತು ನಂಗೆ ಓವರ್‌ಟೈಮ್ ಬೀಳೋ ಹಾಗಿದೆ. ಮುಂದಿನ ಸಲ ಹೋದ್ರಾಗಲ್ವಾ?”

“ಏ, ಇವತ್ತು ಮಾತ್ರ ತಪ್ಪಿಸೋ ಹಾಗೇ ಇಲ್ಲ ಕಣೋ. ನೀನು ಬರದಿದ್ರೆ ಆಟೋ ಹಿಡ್ಕೊಂಡಾದ್ರೂ ಹೋಗ್ತೀನಿ.” ಭಾವನ ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು. “ನಿನ್ನ ಪಾಡ್‌ಕಾಸ್ಟ್‌ನವರು ಎಡವಿದಾರೆ ಕಣೋ. ಕೊನೇಲಿ ಎದ್ದು ಹೋಗ್ಬಿಟ್ಟಿದಾರೆ ಅನ್ಸುತ್ತೆ, ಪೂರ್ತಿ ನೋಡೇ ಇಲ್ಲ. ಹೇಳಲ್ಲ ಈಗ, ಅಲ್ಲೇ ಹೇಳ್ತೀನಿ.”

ಆಗ ಹೇಳಬಹುದಿತ್ತು. ಸಂಜೆ ಅಕ್ಕನ ಮನೆಯ ಬಾಗಿಲಲ್ಲಿ ಭಾವನ ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿಕೊಡುವಾಗಲೂ ಹೇಳಬಹುದಿತ್ತು. ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ಕೂತು, ಇಸ್ತ್ರಿ ಮಾಡಿದ ಅಂಗಿ ಸುಕ್ಕಾಗದ ಹಾಗೆ ನೆಟ್ಟಗೆ ಬೆನ್ನು ಇಟ್ಟುಕೊಂಡು, ವಕೀಲರಿಗೆ ಹೇಗೆ ಹೇಳಬೇಕು ಎಂದು ಬಾಯಲ್ಲೇ ಕಲಿಯುತ್ತಿದ್ದಾಗಲಂತೂ ಪಕ್ಕದಲ್ಲೇ ಇದ್ದ. ಪ್ರತಿ ನಿಲ್ದಾಣದಲ್ಲೂ, ಮುಂದಿನ ನಿಲ್ದಾಣ ದಾಟಲಿ, ಹೇಳುತ್ತೇನೆ ಎಂದುಕೊಂಡ. ಹಾಗೆ ಎಂದುಕೊಳ್ಳುವುದೇ ಒಂದು ಕೆಲಸದ ಹಾಗೆ ಆಗಿ, ಅದನ್ನು ಮಾಡುತ್ತಾ ಮಾಡುತ್ತಾ ಇಳಿಯುವ ಸ್ಥಳ ಬಂತು.

ವಕೀಲರು ಬಾಗಿಲಲ್ಲೇ ಕೈ ಹಿಡಿದರು. “ಬರ್ಬೇಕು, ಬರ್ಬೇಕು. ಇವತ್ತು ಕನ್ನಡಕಕ್ಕೇ ಮೊದಲ ಕುರ್ಚಿ. ಎಂಥ ಪಾಡ್‌ಕಾಸ್ಟ್ ತೋರಿಸಿಕೊಟ್ರಿ ನೀವು. ನಮ್ಮ ಮನೆಯವಳು ಅಡುಗೆ ಮಾಡ್ತಾ ಕೇಳ್ತಾಳೆ, ಸಾರಿಗೆ ಉಪ್ಪು ಹಾಕೋದು ಮರೆತ್ಲು.” ಎಲ್ಲರೂ ನಕ್ಕರು. ಅವನ ಬೆನ್ನು ತಟ್ಟಿದರು. ಯಾರೋ ನಿಜವಾಗಿಯೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಟ್ಟರು. ಅದರ ಮೇಲೆ ಕೂತಾಗ, ಇದಕ್ಕೆ ತಾನೇ ಇಷ್ಟು ವರ್ಷ ಕಾದದ್ದು ಅನ್ನಿಸಿತು. ಕುರ್ಚಿಯ ಒಂದು ಕಾಲು ಗಿಡ್ಡ. ಅಲ್ಲಾಡದಂತೆ ಕೂರಲು ಅವನು ತೊಡೆಗಳನ್ನು ಬಿಗಿಹಿಡಿದ.

ಮಾತು ಬಡಗಿಗೆ ಬಂತು. ಲ್ಯಾಬ್ ಮೇಡಂ ಖಾಲಿ ಕೋಣೆಯ ಬಗ್ಗೆ ಹೇಳತೊಡಗಿದರು. ಭಾವ ಕೈ ಎತ್ತಿದರು.

“ಒಂದು ನಿಮಿಷ. ಪಾಡ್‌ಕಾಸ್ಟ್ ಚೆನ್ನಾಗಿದೆ, ನಮ್ಮ ಹುಡುಗ ಒಳ್ಳೇದನ್ನೇ ಹೇಳಿದಾನೆ. ಆದ್ರೆ ಈ ಸಿನಿಮಾನ ಅವರು ಪೂರ್ತಿ ನೋಡಿಲ್ಲ. ಖಾಲಿ ಕೋಣೆ, ಒಪ್ಕೊಂಡೆ. ಆಮೇಲೆ ಮಗಳು ಬರ್ತಾಳಲ್ಲ?”

ವಕೀಲರು ನಕ್ಕರು. “ಯಾರ ಮಗಳು ಸರ್?”

“ಬಡಗಿ ಮಗಳು. ಬಾಗಿಲಿಂದ ಒಳಗೆ ಬಂದ್ರೆ ಎಡಕ್ಕೆ ಮೇಜು, ಮೇಜಿನ ಆಚೆ ಸ್ಟೂಲು. ಅದರ ಮೇಲೆ ಕೂತ್ಕೋತಾಳೆ. ಕೋಟು ಬಿಚ್ಚಲ್ಲ. ಒಂದು ಶೂ ಬಿಚ್ತಾಳೆ, ಇನ್ನೊಂದು ಬಿಚ್ಚಲ್ಲ.” ಭಾವನ ಕೈಗಳು ಗಾಳಿಯಲ್ಲಿ ಕೋಣೆಯನ್ನು ಕಟ್ಟುತ್ತಿದ್ದವು. “ಇರ್ತಾಳೋ ಹೋಗ್ತಾಳೋ ಅವಳಿಗೇ ಗೊತ್ತಿಲ್ಲ. ಇಡೀ ಸಿನಿಮಾ ಆ ಒಂದು ಶೂನಲ್ಲಿದೆ. ಅದನ್ನ ಬಿಟ್ಟು ಖಾಲಿ ಕೋಣೆ ಎದೆಗಾರಿಕೆ ಅಂತೆಲ್ಲ ಹೇಳಿದ್ರೆ?”

ಲ್ಯಾಬ್ ಮೇಡಂ ಮೆಲ್ಲಗೆ, “ಸರ್, ಅಲ್ಲಿ ಯಾರೂ ಬರಲ್ಲ” ಅಂದರು.

“ಬರ್ತಾಳೆ ಮೇಡಂ.”

“ಇಲ್ಲ ಸರ್.”

ಹಿಂದೆ ಕೂತ ಒಬ್ಬ ಸಣ್ಣಗೆ ಕಿಸಕ್ಕೆಂದ. ಭಾವ ಆ ಸದ್ದಿನ ಕಡೆ ಮುಖ ತಿರುಗಿಸಿದರು, ಆಮೇಲೆ ಇವನು ಯಾವಾಗಲೂ ಕೂರುವ ಮೂಲೆಯ ಕಡೆ. ಇವನು ಅಲ್ಲಿರಲಿಲ್ಲ. “ಹೇಳೋ ನೀನೇ. ನೀನಿದ್ದೆಯಲ್ಲ” ಎಂದು ಭಾವ ಖಾಲಿ ಮೂಲೆಗೆ ಹೇಳಿದರು.

ಎಲ್ಲರ ಕಣ್ಣೂ ಮುಂದಿನ ಕುರ್ಚಿಗೆ ಬಂತು. ನಾನು ಹೇಳಿದ್ದು ಸುಳ್ಳು ಎನ್ನಲು ಮೂರು ಮಾತು ಸಾಕಿತ್ತು. “ನಂಗೆ ಸರಿಯಾಗಿ ನೆನಪಿಲ್ಲ ಭಾವ” ಅಂದ.

ವಕೀಲರ ಲ್ಯಾಪ್‌ಟಾಪಿನಲ್ಲಿ ಸಿನಿಮಾ ಇತ್ತು. ಸಾಕ್ಷಿ ಇಲ್ಲದೆ ವಾದಕ್ಕೆ ಕೂರುವ ಮನುಷ್ಯ ಅಲ್ಲ ಅವರು. “ಬೇಡ ಬಿಡಿ ಸರ್, ಸಣ್ಣ ವಿಷಯ” ಎಂದು ಲ್ಯಾಬ್ ಮೇಡಂ ತಡೆಯಲು ನೋಡಿದರು. ಭಾವ ಬಿಡಲಿಲ್ಲ. “ಹಾಕಿ, ಹಾಕಿ. ನೋಡೇಬಿಡೋಣ.” ವಕೀಲರು ಕೊನೆಯ ಭಾಗಕ್ಕೆ ಎಳೆದು ಹಾಕಿದರು. ಬಾಗಿಲು ಮುಚ್ಚಿದ ಸದ್ದು. ಎಲ್ಲೋ ಗಡಿಯಾರ, ದೂರದಲ್ಲಿ ಒಂದು ಗಾಡಿ. ಥಿಯೇಟರಿನಲ್ಲಿ ಇವನ ಪಿಸುಮಾತಿನ ಅಡಿಯಲ್ಲಿ ಹೂತುಹೋಗಿದ್ದ ಸದ್ದುಗಳು ಈಗ ಒಂದೊಂದಾಗಿ ಮೇಲೆ ಬಂದವು. ಭಾವ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಇವನು ಪರದೆಯನ್ನು ನೋಡಿದ. ಮೇಜಿನ ಮೇಲೆ ಹೆರೆದ ಮರದ ಸಿಪ್ಪೆ ಸುರುಳಿಸುರುಳಿಯಾಗಿ ಬಿದ್ದಿತ್ತು. ಕಿಟಕಿಯ ಬೆಳಕು ಬಹಳ ನಿಧಾನವಾಗಿ ಅದರ ಮೇಲೆ ಸರಿಯುತ್ತಿತ್ತು, ಕಣ್ಣು ಕೀಲಿಸಿ ನೋಡಿದರೆ ಮಾತ್ರ ಗೊತ್ತಾಗುವಷ್ಟು. ಒಂದು ಸುರುಳಿ ಗಾಳಿಗೆ ಅರ್ಧ ತಿರುಗಿ ನಿಂತಿತು. ಖಾಲಿ ಎಂದು ಹೇಳಿದ್ದ ಕೋಣೆಯಲ್ಲಿ ಇಷ್ಟೆಲ್ಲ ಇತ್ತು. ಅವತ್ತು ಅವನು ನೋಡಿಯೇ ಇರಲಿಲ್ಲ. ಹೇಳಬೇಕು ಅನ್ನಿಸಿತು, ಬೆಳಕು ಸರೀತಿದೆ ಭಾವ ಎಂದು. ಬಾಯಿ ತನ್ನಷ್ಟಕ್ಕೆ ಅವರ ಕಡೆ ವಾಲಿತು. ಆದರೆ ಭಾವ, ಈಗ? ಎಂದು ಕೇಳಲಿಲ್ಲ. ಒಂದು ಸಲವೂ ಕೇಳಲಿಲ್ಲ. ಹೆಜ್ಜೆ ಸದ್ದಿಗೆ ಕಾದರು, ಸ್ಟೂಲು ಕಿರುಗುಟ್ಟುವುದಕ್ಕೆ ಕಾದರು. ಸಂಗೀತ ಶುರುವಾಯಿತು, ಹೆಸರುಗಳು ಬಂದವು.

“ಹೌದು” ಅಂದರು ಭಾವ. ಅಂಗಿಯ ತೋಳಿನ ಗುಂಡಿಯನ್ನು ತಿರುಗಿಸುತ್ತಿದ್ದರು. “ಯಾರೂ ಬರಲಿಲ್ಲ. ಬೇರೆ ಯಾವುದೋ ಸಿನಿಮಾ ಜೊತೆ ಕಲಸ್ಕೊಂಡಿದೀನಿ. ವಯಸ್ಸಾಯ್ತು ನೋಡಿ.”

ಕೋಣೆ ಹಗುರಾಯಿತು. ನನಗೂ ಹೀಗೇ ಆಗುತ್ತೆ, ನಿನ್ನೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದೆ ಎಂದು ಯಾರೋ ಹೇಳಿದರು. ವಕೀಲರು, “ಅಂತೂ ಪಾಡ್‌ಕಾಸ್ಟ್‌ನೋರು ಗೆದ್ರು” ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಇವನ ಕಡೆ ತಿರುಗಿ, “ನಿಮ್ಮಿಂದ ಉಪಕಾರ ಆಯ್ತು” ಅಂದರು. ಇವನು ತಲೆ ಆಡಿಸಿದ. ಆಮೇಲೆ ಭಾವನನ್ನು ಯಾರೋ ಏನೋ ಕೇಳಿದಾಗ, “ನೀವು ಹೇಳಿ, ನೀವು ನೋಡಿದೀರಲ್ಲ” ಅಂದರು, ಮೆತ್ತಗೆ, ಯಾವ ಕೊಂಕೂ ಇಲ್ಲದೆ.

ಮೆಟ್ಟಿಲು ಇಳಿಯುವಾಗ ಭಾವ ಅವನ ಮೊಣಕೈ ಹಿಡಿದುಕೊಂಡರು. ಹಿಡಿಯದೆ ಬೇರೆ ದಾರಿ ಇರಲಿಲ್ಲ. ಆದರೆ ದಿನದ ಹಾಗಲ್ಲ. ಕಂಬಿಯನ್ನು ಹಿಡಿದ ಹಾಗೆ, ಎರಡು ಬೆರಳಲ್ಲಿ. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತರು. ಅಂಗಡಿಗಳ ದೀಪ ಹತ್ತುತ್ತಿತ್ತು.

“ಭಾವ, ಅದು ನಿಮಗೆ ಇಷ್ಟ ಆಗ್ತಿತ್ತು ಅಂತ...”

“ಇಷ್ಟ ಆಗ್ತಿತ್ತು. ಸಿನಿಮಾ ಅಂತ ಇಷ್ಟ ಆಗ್ತಿತ್ತು ಕಣೋ. ನಿಂದು ಅಂತ ಅಲ್ಲ.”

ಒಂದು ಬಸ್ಸು ಬಂತು. ಅವರದಲ್ಲ. ಅದು ಹೋಗುವ ತನಕ ಭಾವ ಕಾದರು.

“ಇನ್ಯಾವುದು?”

“ಅಂದ್ರೆ?”

“ಅಂದ್ರೆ ಏನು ಅಂದ್ರೆ. ಇನ್ಯಾವುದ್ಯಾವುದು ಅಂತ ಕೇಳ್ತಿದೀನಿ. ರೈಲು ತಪ್ಪಿಸ್ಕೊಂಡ ಹುಡುಗನದು?”

“ಅದು ನಿಜ ಭಾವ. ಅದು ಇದ್ದ ಹಾಗೇ ಹೇಳಿದ್ದು.”

“ದೀಪದ ಕಂಬದ ಕೆಳಗೆ ಇಬ್ಬರು ಹೆಂಗಸರು, ಹಸಿರು ಕೋಟು?”

“ಕೋಟಿತ್ತು. ಹಸಿರಲ್ಲ.”

“ಹಸಿರಲ್ಲ.” ಭಾವ ಕಿರುಬೆರಳು ಮಡಿಸಿದರು. “ಡಾಕ್ಟರು ಕಿಟಕಿ ತೆಗೀತಾರೆ, ಹೊರಗೆ ಮಕ್ಕಳು ಆಡ್ತಿರ್ತಾರೆ?”

ಅವನು ರಸ್ತೆಯ ಕಡೆ ನೋಡಿದ. “ಕಿಟಕಿ ತೆಗೀತಾರೆ.”

“ಮಕ್ಕಳು?”

“ಇಲ್ಲ.”

ಉಂಗುರದ ಬೆರಳು ಮಡಿಚಿಕೊಂಡಿತು. ಭಾವ ಕೋರ್ಟಿನಲ್ಲಿ ಕೇಳುವವರ ಹಾಗೆ ಕೇಳಲಿಲ್ಲ. ಬಟ್ಟೆ ಒಗೆದು ಹಾಕಿದ್ದನ್ನು ಎಣಿಸಿಕೊಂಡು ತೆಗೆಯುವವರ ಹಾಗೆ, ಒಂದೊಂದನ್ನೇ ಹೆಸರು ಹಿಡಿದು ಕೇಳಿದರು. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಗುವುದು. ಸೇತುವೆಯ ಮೇಲೆ ಬಿದ್ದ ಕೊಡೆ. ಸಾಯುವ ಮೊದಲು ತಮ್ಮನ ಹಣೆ ಮುಟ್ಟುವ ಅಣ್ಣ. ಅವನು ಇತ್ತು ಅಂದದ್ದಕ್ಕೆ ಬೆರಳು ಅಲ್ಲೇ ನಿಂತಿತು. ಇರಲಿಲ್ಲ ಅಂದದ್ದಕ್ಕೆ ಮಡಿಚಿಕೊಂಡಿತು. ಹಣೆ ಮುಟ್ಟಿದ್ದು ಇತ್ತೋ ಇಲ್ಲವೋ ಎಂದು ಅವನಿಗೇ ನೆನಪಾಗಲಿಲ್ಲ. ಗೊತ್ತಿಲ್ಲ ಭಾವ ಅಂದ, ಈ ಸಲ ನಿಜವಾಗಿಯೇ. ಭಾವ ಸ್ವಲ್ಪ ಯೋಚಿಸಿ ಅದನ್ನೂ ಮಡಿಸಿದರು. ಅವರ ಬಸ್ಸು ಬಂದು ನಿಂತಿತು, ಕಂಡಕ್ಟರು, “ಬರ್ತೀರಾ ಇಲ್ವಾ?” ಎಂದು ಕೂಗಿದ. ಇವನು ಎದ್ದ. ಭಾವ ಏಳಲಿಲ್ಲ. “ಹೋಗ್ಲಿ ಬಿಡು, ಇನ್ನೂ ಇದಾವೆ” ಅಂದರು.

ಲೆಕ್ಕ ಮುಗಿಯುವ ಹೊತ್ತಿಗೆ ಭಾವನ ಪಾಲಿಗೆ ಹನ್ನೊಂದು ಸಿನಿಮಾ ಹೋದವು. ಅವುಗಳಲ್ಲಿ ನಾಲ್ಕನ್ನು ಭಾವ, ಇಷ್ಟವಾಯಿತೆಂದು, ಇವನ ಪಕ್ಕದಲ್ಲೇ ಕೂತು ಎರಡೆರಡು ಸಲ ನೋಡಿದ್ದರು.